ಎರಿ ಹೊಲದ ನಡಿಗೆಗೆ ಆಸ್ಪತ್ರೆಯಲ್ಲೇ ತಾಲೀಮು

ಲಕ್ವಾ ಹೊಡೆದವರಿಗೆ ಆಸ್ಪತ್ರೆಯ ಸಪಾಟು ನೆಲದ ಮೇಲೆ ನಾಲ್ಕು ಹೆಜ್ಜೆ ಹಾಕಿಸಿ, ನಡಿಗೆ ಬಂತೆಂದು ಮನೆಗೆ ಕಳಿಸುವುದು ವಾಡಿಕೆ. ಆದರೆ ಕಲಬುರಗಿ ಸೀಮೆಯ ಕಾಳಗಿ, ಸೇಡಂ, ಚಿತ್ತಾಪುರದ ರೈತ ಮರಳಿ ಹೋಗುವುದು ಮಳೆ ಬಿದ್ದರೆ ಕಾಲಿಗೆ ಮೆತ್ತಿಕೊಳ್ಳುವ ಎರಿ ಮಣ್ಣಿನ ತೊಗರಿ ಹೊಲಕ್ಕೆ. ಶಹಾಬಾದಿನ ಕಾರ್ಮಿಕ ಫರ್ಸಿ ಗಣಿಯ ಏರುತಗ್ಗಿಗೆ. ಸೊಂಟ, ಮೊಣಕಾಲಿಗೆ ಕಟ್ಟಿ ನಡಿಗೆ ಕಲಿಸುವ ರೋಬಾಟಿನಿಂದ ಇಂಥವರಿಗೆ ಏನು ಉಪಯೋಗ? ಅದು ಕಾಲನ್ನು ತಾನೇ ಎತ್ತಿ ಇಡುವುದಾದರೆ ಉಪಯೋಗ ಕಡಿಮೆ, ಹೊಲದ ಭಾರವನ್ನು ಅಳೆದು ಕಾಲಿಗೆ ಕೊಡುವುದಾದರೆ ಹೆಚ್ಚು ಎಂಬುದು ನನ್ನ ವಾದ.

ಸ್ವಿಟ್ಜರ್ಲೆಂಡಿನ ಲೋಕೋಮ್ಯಾಟ್ ಯಂತ್ರ ಟ್ರೆಡ್‌ಮಿಲ್ ಮೇಲೆ ರೋಗಿಯ ಕಾಲುಗಳನ್ನು ನಡೆಸುತ್ತದೆ. ಅಮೆರಿಕದಲ್ಲಿ 63 ಲಕ್ವಾ ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಈ ಯಂತ್ರದಲ್ಲಿ ನಡೆದವರಿಗಿಂತ ಫಿಜಿಯೋಥೆರಪಿಸ್ಟರ ಕೈಯಲ್ಲಿ ಪಳಗಿದವರ ವೇಗವೂ ನಡೆಯುವ ದೂರವೂ ಹೆಚ್ಚು ಸುಧಾರಿಸಿದವು. ಯಂತ್ರವೇ ದುಡಿದರೆ ಮಿದುಳಿಗೆ ಕಲಿಯುವ ಗರಜು ಎಲ್ಲಿದೆ? ಆದರೆ ಕಾಲು ನಡೆಸುವ ಮೋಟರನ್ನೇ ತಿರುಗುಮುರುಗಾಗಿ, ಕಾಲನ್ನು ತಡೆಯಲೂ ಬಳಸಬಹುದು. ಉದಾಹರಣೆಗೆ, ನೀರಿನ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕಾಲು ಬೀಸಿದ ವೇಗವನ್ನು ಅಳೆದು ಅದರ ವರ್ಗಕ್ಕೆ ತಕ್ಕ ಎದುರುಬಲ ಕೊಟ್ಟರೆ, ಒಣ ನೆಲದಲ್ಲೇ ಕಾಗಿಣಾ ಹೊಳೆ ದಾಟಿದ ಶ್ರಮ. ಪಾದ ಎತ್ತುವಾಗ ಮಾತ್ರ ಹಿಂದಕ್ಕೆ ಜಗ್ಗಿದರೆ ಕೆಸರು. ಮೊದಲ ವಾರ ಹಗುರ, ಆಮೇಲೆ ನಿಜವಾದ ಭಾರ.

ಹೊಲ ಬಾಗಿಲಲ್ಲೇ ಇರುವಾಗ ನಕಲು ಯಾಕೆ ಎಂದು ಕೇಳಬಹುದು. ಹೊಲದ ಕೆಸರನ್ನು ರೋಗಿಯ ಶಕ್ತಿಗೆ ತಕ್ಕಂತೆ ಇಳಿಸಲಾಗದು, ಬೀಳುವವನನ್ನು ಅದು ಹಿಡಿಯುವುದೂ ಇಲ್ಲ. ಆದರೆ ನಕಲಿಗೂ ಮಿತಿಯಿದೆ: ಸೊಂಟ, ಮೊಣಕಾಲಿನ ಯಂತ್ರ ಅಂಗಾಲನ್ನು ಮುಟ್ಟುವುದಿಲ್ಲ. ಒದ್ದೆ ಫರ್ಸಿಯ ಮೇಲೆ ಜಾರುವ ಭಯವನ್ನು ಅದು ಕಲಿಸಲಾರದು; ಅದಕ್ಕೆ ಒದ್ದೆ ಫರ್ಸಿಯೇ ಬೇಕು, ಪಕ್ಕದಲ್ಲೊಬ್ಬರು ರಟ್ಟೆ ಹಿಡಿದಿರಬೇಕು. ದುಬಾರಿ ಎಂಬ ಆಕ್ಷೇಪವಂತೂ ಸರಿಯಾದದ್ದೇ. ಅಮೆರಿಕದಲ್ಲೇ 408 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, ದೇಹದ ಭಾರ ಹೊರುವ ಟ್ರೆಡ್‌ಮಿಲ್ ತರಬೇತಿ ಮನೆಗೇ ಬಂದು ಮಾಡಿಸಿದ ವ್ಯಾಯಾಮಕ್ಕಿಂತ ಮೇಲೆನಿಸಲಿಲ್ಲ. ಹೀಗಿರುವಾಗ ತಾಲೂಕಿಗೊಂದು ರೋಬಾಟ್ ಕೇಳುವುದು ತಪ್ಪು. ಯಂತ್ರ ಕಲಬುರಗಿಯ ದೊಡ್ಡ ಆಸ್ಪತ್ರೆಯಲ್ಲಿ ಒಂದಿರಲಿ, ಅದರಲ್ಲಿ ಈ ಸೀಮೆಯ ಕೆಸರೂ ಏರೂ ಇರಲಿ. ಕಾಳಗಿಗೆ ಮೊದಲು ಬೇಕಾದವರು ಮನೆಮನೆಗೆ ಹೋಗುವ ಫಿಜಿಯೋಥೆರಪಿಸ್ಟರು.