ಯಾರ ಮಗು ಕಾಣೆಯಾಗಿದೆ ಸ್ವಾಮಿ?

ಮೊನ್ನೆ ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಮತ್ತೆ ಅದೇ ಮಾತು. 'ಪಕ್ಕದ ಊರಿಗೆ ಮಕ್ಕಳ ಕಳ್ಳರು ಬಂದಿದಾರಂತೆ.' ಕಂಡವರು ಯಾರು? ಒಬ್ಬರೂ ಇಲ್ಲ. ನಂಬಿದವರು? ಹೋಟೆಲಿನಲ್ಲಿದ್ದವರೆಲ್ಲ!

ಈ 'ಅಂತೆ'ಗೆ ತೆರಬೇಕಾದ ಬೆಲೆ ಎಷ್ಟೆಂಬುದನ್ನು ನಮ್ಮ ರಾಜ್ಯ 2018ರಲ್ಲೇ ಕಂಡಿದೆ. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಹೊಟ್ಟೆಪಾಡಿಗೆ ರಾಜಸ್ಥಾನದಿಂದ ಬಂದ ಯುವಕನನ್ನು ಕೈ ಕಟ್ಟಿ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರು ಬಲಿಯಾದರು. ಶಾಲೆ ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ತಪ್ಪಾಯಿತು. ಅವರ ಕಾರಿಗಿಂತ ಮುಂಚೆ ವಾಟ್ಸಾಪ್ ಸುದ್ದಿ ಊರು ಮುಟ್ಟಿತ್ತು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು.

ಹೊಡೆದವರೆಲ್ಲ ಹುಟ್ಟಾ ಕೊಲೆಗಡುಕರೆಂದು ನಾವು ಕೈ ತೊಳೆದುಕೊಳ್ಳಬಹುದು. ಮನಶ್ಶಾಸ್ತ್ರದ ಮೊದಲ ಪಾಠ ಹಾಗೆ ಹೇಳುವುದಿಲ್ಲ. ಇಂಗ್ಲೆಂಡಿನ ಪೀಟರ್ ವೇಸನ್ 1960ರಲ್ಲಿ ಒಂದು ಒಗಟು ಪ್ರಕಟಿಸಿದ. 2, 4, 6 ಒಂದು ನಿಯಮದಂತಿವೆ. ಬೇರೆ ಅಂಕಿ ಹೇಳಿ ನಿಯಮ ಪತ್ತೆ ಮಾಡಿ ಅಂದ. 8, 10, 12? ಸರಿ. 20, 22, 24? ಅದೂ ಸರಿ. 'ಎರಡೆರಡು ಏರಬೇಕು' ಅಂತ ಹೆಚ್ಚಿನವರು ಬೀಗಿದರು. ತಪ್ಪು! ಅಂಕಿ ಏರುತ್ತಾ ಹೋದರೆ ಸಾಕು, ನಿಯಮ ಅಷ್ಟೇ. 1, 2, 3 ಅಂತ ಒಮ್ಮೆ ಕೇಳಿದ್ದರೆ ಗುಟ್ಟು ಬಯಲಾಗುತ್ತಿತ್ತು. ಪಿಯುಸಿ ಅರ್ಧಕ್ಕೆ ಬಿಟ್ಟ ನಾನೂ ಮುಗ್ಗರಿಸಿದೆ, ಡಿಗ್ರಿ ಮಾಡಿದ ಗೆಳೆಯನೂ ಮುಗ್ಗರಿಸಿದ. ನಮ್ಮ ಊಹೆಗೆ 'ಹೌದು' ಅನ್ನುವುದನ್ನೇ ಹುಡುಕುತ್ತೇವೆ, 'ಅಲ್ಲ' ಅನ್ನಬಹುದಾದ ಪ್ರಶ್ನೆ ಕೇಳುವುದೇ ಇಲ್ಲ.

ಮುರ್ಕಿಯಲ್ಲೂ ಅದೇ ಲೆಕ್ಕ. ಪರಊರಿನ ಕಾರು, ಹೌದು. ಚಾಕಲೇಟು, ಹೌದು. ಓಡ್ತಿದಾರೆ, ಹೌದು. ಹಾಗಾದರೆ ಕಳ್ಳರೇ! ಏಟಿಗೆ ಹೆದರಿದವನೂ ಓಡುತ್ತಾನೆ ಅಂತ ಯಾರಿಗೂ ಹೊಳೆಯಲಿಲ್ಲ.

ಕಣ್ಣಿಗೆ ಕಟ್ಟಿದ್ದನ್ನೇ ಮನಸ್ಸು ಊರ ತುಂಬ ಕಾಣುತ್ತದೆ. ಇದನ್ನು ಟ್ವರ್ಸ್ಕಿ, ಕಾನ್ಮನ್ ಜೋಡಿ 1973ರಲ್ಲೇ ಬರೆದಿತ್ತು. ಆ ವರ್ಷ ಮೊಬೈಲುಗಳಲ್ಲಿ ಹರಿದಾಡಿದ ಮಕ್ಕಳ ಕಳ್ಳತನದ ಒಂದು ವಿಡಿಯೋ ಕರಾಚಿಯ ಜಾಗೃತಿ ಚಿತ್ರ. ಕೊನೆಯಲ್ಲಿ ಮಗುವನ್ನು ವಾಪಸು ಬಿಡುವ ಭಾಗವನ್ನು ಯಾರೋ ಕತ್ತರಿಸಿದ್ದರು. ನೋಡಿದವರಿಗೆ ಬೈಕಿನವರೆಲ್ಲ ಕಳ್ಳರು!

2018ರ ಜುಲೈನಲ್ಲೇ ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಷ್ಟೇ ಕಳಿಸಬಹುದೆಂದು ಮಿತಿ ಹಾಕಿತು. ನಾಲಿಗೆಗೆ ಮಿತಿ ಹಾಕುವವರು ಯಾರು? ಸಂಶಯ ಬಂದರೆ 112ಕ್ಕೆ ಫೋನ್ ಮಾಡಿ. ಕೈ ಎತ್ತಬೇಡಿ.

ಹೋಟೆಲಿನಲ್ಲಿ ನಾನು ಕೇಳಿದ್ದು ಒಂದೇ: 'ಯಾರ ಮಗು ಕಾಣೆಯಾಗಿದೆ ಸ್ವಾಮಿ?' ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುದ್ದಿ ಹೇಳಿದಾತ ಕಾಫಿ ಬಿಲ್ ಕೊಟ್ಟು ಎದ್ದು ಹೋದ.