ಮಂಜುಗಡ್ಡೆಯ ಅಂಗಳದಾಚೆಯ ಬದುಕು



ಮಗ ಆಟದಲ್ಲಿ ಮುಂದೆ ಬಂದರೆ ಹೆತ್ತವರಿಗೆ ಆಗುವ ಹಿಗ್ಗು ಅಷ್ಟಿಷ್ಟಲ್ಲ. ಆದರೆ ಆ ಹಿಗ್ಗಿನ ಬೆನ್ನಿಗೇ ಒಂದು ಅಳುಕೂ ಅಂಟಿಕೊಂಡಿರುತ್ತದೆ. ‘ಆಟ ನಾಳೆ ಅನ್ನ ಕೊಟ್ಟೀತೇ?’ ಎಂಬ ಪ್ರಶ್ನೆಯನ್ನು ತಂದೆ ಬಾಯಿಬಿಟ್ಟು ಕೇಳದಿದ್ದರೂ ತಾಯಿ ಮನಸ್ಸಿನಲ್ಲಿಯೇ ನೂರು ಸಲ ಕೇಳಿಕೊಂಡಿರುತ್ತಾಳೆ. ಈ ಪ್ರಶ್ನೆಯನ್ನು ವರ್ಷ ವರ್ಷವೂ ಸಾವಿರಾರು ಮನೆಗಳು ಎದುರಿಸುವ ದೇಶವೊಂದಿದೆ, ಅದು ಕೆನಡಾ. ಅಲ್ಲಿಯ ಜನರ ಉಸಿರಾಗಿರುವ ಆಟ ಐಸ್ ಹಾಕಿ. ಹುಲ್ಲಿನ ಮೈದಾನದಲ್ಲಿ ಚೆಂಡಿನೊಡನೆ ಆಡುವ ನಮ್ಮ ಹಾಕಿಗೂ ಅದಕ್ಕೂ ಹೆಸರಷ್ಟೇ ಸಮಾನ. ಕಾಲಿಗೆ ಉಕ್ಕಿನ ಅಲಗಿನ ಸ್ಕೇಟು ಕಟ್ಟಿಕೊಂಡು, ಮಂಜುಗಡ್ಡೆಯ ಮೇಲೆ ಜಾರುತ್ತ, ರಬ್ಬರಿನ ಚಪ್ಪಟೆ ಬಿಲ್ಲೆಯನ್ನು ಕೋಲಿನಿಂದ ಹೊಡೆಯುವ ಆಟವದು. ಆ ಆಟದ ಹಾದಿ ಹಿಡಿದ ಹುಡುಗರು ಮುಂದೆ ಏನಾಗುತ್ತಾರೆ ಎಂಬುದನ್ನು ಈ ತಿಂಗಳು ವಿಚಾರಿಸೋಣ.

ಕೆನಡಾದಲ್ಲಿ ಹದಿನಾರರಿಂದ ಇಪ್ಪತ್ತು ವರ್ಷದ ಹುಡುಗರಿಗಾಗಿ ಮೂರು ದೊಡ್ಡ ಲೀಗ್‌ಗಳಿವೆ. ಪಶ್ಚಿಮದ ಪ್ರಾಂತಗಳಿಗೆ ಒಂದು, ಒಂಟಾರಿಯೋಗೆ ಒಂದು, ಕ್ವಿಬೆಕ್ ಮತ್ತು ಪೂರ್ವ ಕರಾವಳಿಗೆ ಇನ್ನೊಂದು. 1975ರಲ್ಲಿ ಸ್ಥಾಪನೆಯಾದ ಕೆನಡಿಯನ್ ಹಾಕಿ ಲೀಗ್ ಎಂಬ ಸಂಸ್ಥೆ ಈ ಮೂರಕ್ಕೂ ಛತ್ರದಂತಿದೆ. ಗಡಿಯಾಚೆ ಅಮೆರಿಕದ ಕೆಲವು ಊರುಗಳ ತಂಡಗಳೂ ಸೇರಿ ಇದರಲ್ಲಿ ಸುಮಾರು 60 ತಂಡಗಳಿವೆ. ಇವೆಲ್ಲವೂ ಪ್ರತಿ ವರ್ಷ ಸೆಣಸುವುದು ಮೆಮೋರಿಯಲ್ ಕಪ್ ಎಂಬ ಪಾರಿತೋಷಕಕ್ಕಾಗಿ. ಮೊದಲ ಮಹಾಯುದ್ಧದಲ್ಲಿ ಮಡಿದ ಕೆನಡಾದ ಯೋಧರ ನೆನಪಿಗೆ 1919ರಲ್ಲಿ ಅದನ್ನು ಆರಂಭಿಸಲಾಯಿತು.

ಈ ಲೀಗ್‌ಗೆ ಆಯ್ಕೆಯಾದ ಹುಡುಗ ಹದಿನಾರನೆಯ ವಯಸ್ಸಿಗೇ ಮನೆ ಬಿಡುತ್ತಾನೆ. ತಂಡವಿರುವ ಊರಿನ ಯಾವುದೋ ಗೃಹಸ್ಥರ ಮನೆ ಅವನ ಮನೆಯಾಗುತ್ತದೆ. ಇಂಥ ಮನೆಯವರನ್ನು ಅಲ್ಲಿ ‘ಬಿಲೆಟ್ ಕುಟುಂಬ’ ಎನ್ನುತ್ತಾರೆ. ಅವರು ಹುಡುಗನಿಗೆ ಕೋಣೆ ಕೊಟ್ಟು, ಊಟ ಹಾಕಿ, ಶಾಲೆಗೆ ಹೋದನೇ ಎಂದು ವಿಚಾರಿಸಿ, ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಾರೆ. ಅನೇಕರಲ್ಲಿ ಈ ಬಾಂಧವ್ಯ ಆಟ ಮುಗಿದ ಮೇಲೂ ಉಳಿಯುತ್ತದೆ. ಸೆಪ್ಟೆಂಬರಿನಿಂದ ಮಾರ್ಚಿಯವರೆಗೆ ಅರವತ್ತಕ್ಕೂ ಮಿಕ್ಕಿ ಪಂದ್ಯಗಳು. ಪಶ್ಚಿಮದ ಲೀಗ್‌ನಲ್ಲಿ ಬ್ರಿಟಿಷ್ ಕೊಲಂಬಿಯಾದ ಪ್ರಿನ್ಸ್ ಜಾರ್ಜ್‌ನಿಂದ ಮ್ಯಾನಿಟೋಬಾದ ಬ್ರಾಂಡನ್‌ವರೆಗೆ ಊರುಗಳು ಹರಡಿಕೊಂಡಿವೆ. ಹೀಗಾಗಿ ಚಳಿಗಾಲದ ರಾತ್ರಿಗಳಲ್ಲಿ ಬಸ್ಸಿನ ಪ್ರಯಾಣವೇ ಸಾವಿರಾರು ಕಿಲೋಮೀಟರ್ ಆಗುತ್ತದೆ. ಪಾಠದ ಪುಸ್ತಕವನ್ನು ಬಸ್ಸಿನ ಮಂದ ದೀಪದಲ್ಲಿಯೇ ಓದಬೇಕು.

ಇಷ್ಟೆಲ್ಲ ಏತಕ್ಕೆ? ನ್ಯಾಷನಲ್ ಹಾಕಿ ಲೀಗ್ ಎಂಬ ವೃತ್ತಿಪರ ಆಟದ ಶಿಖರವನ್ನು ಮುಟ್ಟುವುದಕ್ಕೆ. ಆದರೆ ಇಲ್ಲಿ ಲೆಕ್ಕ ಮಾಡಿ ನೋಡಬೇಕು. 60 ತಂಡಗಳಲ್ಲಿ ಒಂದೊಂದಕ್ಕೆ 22 ಹುಡುಗರೆಂದು ಹಿಡಿದರೂ 1,300ಕ್ಕೂ ಹೆಚ್ಚು ಮಂದಿ ಆದರು. ಮೇಲಿನ ಲೀಗ್‌ನಲ್ಲಿರುವುದು 32 ತಂಡಗಳು. ಒಂದರಲ್ಲಿ ಗರಿಷ್ಠ 23 ಆಟಗಾರರು. ಒಟ್ಟು 736 ಸ್ಥಾನಗಳು. ಆ ಸ್ಥಾನಗಳಲ್ಲಿ ಈಗಾಗಲೇ ಮೂವತ್ತು ದಾಟಿದವರೂ ಭದ್ರವಾಗಿ ಕುಳಿತಿದ್ದಾರೆ. ಖಾಲಿಯಾಗುವ ಕೆಲವೇ ಸ್ಥಾನಗಳಿಗೆ ಸ್ವೀಡನ್, ಫಿನ್ಲೆಂಡ್, ರಷ್ಯಾ, ಅಮೆರಿಕದ ಹುಡುಗರೂ ಕಾದಿರುತ್ತಾರೆ. ವರ್ಷಕ್ಕೊಮ್ಮೆ ನಡೆಯುವ ಆಯ್ಕೆಯಲ್ಲಿ ಏಳು ಸುತ್ತುಗಳಿದ್ದು, ಸುತ್ತಿಗೆ ತಂಡಕ್ಕೊಬ್ಬರಂತೆ ಹೆಸರು ಕೂಗುತ್ತಾರೆ. ಹೆಸರು ಕೂಗಿದ ಮಾತ್ರಕ್ಕೆ ಆಡುವ ಅವಕಾಶ ಸಿಕ್ಕಿತೆಂದೂ ಅಲ್ಲ. ಇತ್ತ ಕಿರಿಯರ ತಂಡವೊಂದರಲ್ಲಿ ಇಪ್ಪತ್ತು ವರ್ಷದವರು ಮೂವರಿಗಿಂತ ಹೆಚ್ಚು ಇರುವಂತಿಲ್ಲ. ಹೀಗಾಗಿ ಬಹುಪಾಲು ಹುಡುಗರಿಗೆ ಹತ್ತೊಂಬತ್ತು-ಇಪ್ಪತ್ತರ ವಯಸ್ಸಿನಲ್ಲಿ, ಒಂದು ವಸಂತದ ಸಂಜೆ, ಕೊನೆಯ ಪಂದ್ಯ ಮುಗಿಯುತ್ತದೆ. ನಾಲ್ಕನೆಯ ವಯಸ್ಸಿನಿಂದ ಕಟ್ಟಿಕೊಂಡಿದ್ದ ಸ್ಕೇಟನ್ನು ಬಿಚ್ಚಿಡುವಾಗ ‘ನಾನು ಯಾರು?’ ಎಂಬ ಪ್ರಶ್ನೆ ಅವರೆದುರು ನಿಲ್ಲುತ್ತದೆ. ಅಂಥವರ ಮುಂದೆ ತೆರೆದಿರುವ ಹಾದಿಗಳು ಹಲವು.

ಮೊದಲನೆಯದು ಕೆಳಹಂತದ ವೃತ್ತಿಪರ ಆಟ. ಅಮೆರಿಕನ್ ಹಾಕಿ ಲೀಗ್, ಅದಕ್ಕೂ ಕೆಳಗಿನ ಇಸಿಎಚ್‌ಎಲ್, ಇಲ್ಲವೇ ಜರ್ಮನಿ, ಆಸ್ಟ್ರಿಯಾ, ಬ್ರಿಟನ್ನಿನ ಲೀಗ್‌ಗಳು. ಕೆಳಗಿಳಿದಂತೆ ಸಂಬಳವೂ ಇಳಿಯುತ್ತದೆ. ಬ್ರಿಟನ್ನಿನ ಕೆಲವು ತಂಡಗಳು ಆಟಗಾರರಿಗೆ ಸ್ಥಳೀಯ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ವ್ಯಾಸಂಗದ ಅವಕಾಶವನ್ನೂ ಕಲ್ಪಿಸುತ್ತವೆ. ಅದನ್ನು ಬಳಸಿಕೊಂಡವರು ಆಡುತ್ತಲೇ ಪದವಿ ಗಳಿಸಿ ಊರಿಗೆ ಮರಳುತ್ತಾರೆ.

ಎರಡನೆಯದು ವಿದ್ಯೆಯ ಹಾದಿ. ಕೆನಡಾದ ಈ ಲೀಗ್‌ಗಳಲ್ಲಿ ಒಳ್ಳೆಯ ಪದ್ಧತಿಯೊಂದಿದೆ. ಹುಡುಗ ಆಡಿದ ಒಂದೊಂದು ಋತುವಿಗೆ ಒಂದೊಂದು ವರ್ಷದ ಕಾಲೇಜು ಶುಲ್ಕ ಮತ್ತು ಪುಸ್ತಕದ ವೆಚ್ಚವನ್ನು ಭರಿಸುವ ವಿದ್ಯಾರ್ಥಿವೇತನವದು. ಪಶ್ಚಿಮದ ಲೀಗ್‌ನಲ್ಲಿ ಇದು 1993ರಿಂದ ನಡೆದುಬಂದಿದೆ. ಕೆನಡಾದ ವಿಶ್ವವಿದ್ಯಾಲಯಗಳ ಹಾಕಿ ತಂಡಗಳಲ್ಲಿ ಹೆಚ್ಚಿನವರು ಇಂಥ ಮಾಜಿ ಆಟಗಾರರೇ. ಆದರೆ ಈ ಸೌಲಭ್ಯಕ್ಕೆ ಷರತ್ತುಗಳಿವೆ. ಆಟ ಬಿಟ್ಟು ನಿಗದಿತ ಅವಧಿಯೊಳಗೆ ಕಾಲೇಜು ಸೇರಬೇಕು. ಮೇಲಿನ ಲೀಗ್‌ನ ಒಪ್ಪಂದಕ್ಕೆ ಸಹಿ ಹಾಕಿದರೆ ಹಕ್ಕು ಕೈತಪ್ಪಬಹುದು. ಕನಸಿನ ಬೆನ್ನು ಹತ್ತಿ ಎರಡು-ಮೂರು ವರ್ಷ ಕಳೆದವನಿಗೆ ಈ ಗಡುವು ಮೀರಿದ್ದು ತಡವಾಗಿ ತಿಳಿಯುತ್ತದೆ. ಇನ್ನು ಅಮೆರಿಕದ ಕಾಲೇಜುಗಳು ಈ ಲೀಗ್‌ಗಳಲ್ಲಿ ಆಡಿದವರನ್ನು ವೃತ್ತಿಪರರೆಂದು ಎಣಿಸಿ, ಬಹುಕಾಲ ತಮ್ಮ ತಂಡಗಳಿಂದ ಹೊರಗಿಟ್ಟಿದ್ದವು. ಹದಿನಾರರ ಬಾಲಕ ಮಾಡಿದ ಒಂದು ಆಯ್ಕೆ ಇನ್ನೊಂದು ಬಾಗಿಲನ್ನು ಶಾಶ್ವತವಾಗಿ ಮುಚ್ಚುತ್ತಿತ್ತು. 2024ರ ನವೆಂಬರಿನಲ್ಲಿ ಆ ನಿಯಮ ಬದಲಾಗಿ, 2025ರ ಆಗಸ್ಟ್ 1ರಿಂದ ಬಾಗಿಲು ತೆರೆಯಿತು. ಮೆಡಿಸಿನ್ ಹ್ಯಾಟ್ ತಂಡದ ಪ್ರತಿಭಾವಂತ ಗ್ಯಾವಿನ್ ಮೆಕೆನಾ ಅದೇ ವರ್ಷ ಪೆನ್ ಸ್ಟೇಟ್ ವಿಶ್ವವಿದ್ಯಾಲಯವನ್ನು ಸೇರಿದರು.

ಮೂರನೆಯದು ದುಡಿಮೆಯ ನೇರ ಹಾದಿ. ಅಗ್ನಿಶಾಮಕ ದಳ, ಪೊಲೀಸು, ವಿದ್ಯುತ್ ಕೆಲಸ, ಆಲ್ಬರ್ಟಾದ ತೈಲಕ್ಷೇತ್ರ, ಮನೆತನದ ಒಕ್ಕಲುತನ — ಹೀಗೆ. ಇದಕ್ಕೊಂದು ಹೃದಯಂಗಮ ನಿದರ್ಶನವಿದೆ. ಐಸ್ ಹಾಕಿಯ ಮಹಾಪುರುಷರೆನಿಸಿದ ವೇಯ್ನ್ ಗ್ರೆಟ್ಸ್ಕಿ ಮೇಲಿನ ಲೀಗ್‌ನಲ್ಲಿ 2,857 ಅಂಕ ಗಳಿಸಿದವರು. ಅವರ ಕಿರಿಯ ತಮ್ಮ ಬ್ರೆಂಟ್ ಗ್ರೆಟ್ಸ್ಕಿಯೂ ಬೆಲ್ವಿಲ್ ಊರಿನ ಕಿರಿಯರ ತಂಡದಲ್ಲಿ ಬೆಳೆದು ಮೇಲಕ್ಕೇರಿದರು. ಆದರೆ ಅವರಿಗೆ ದೊರೆತದ್ದು 13 ಪಂದ್ಯಗಳು. ಗಳಿಸಿದ್ದು 4 ಅಂಕಗಳು. ಕೆಳಹಂತದ ಲೀಗ್‌ಗಳಲ್ಲಿ ವರ್ಷಗಟ್ಟಲೆ ಆಡಿದ ಬಳಿಕ ಅವರು ಒಂಟಾರಿಯೋ ಪ್ರಾಂತೀಯ ಪೊಲೀಸ್ ಪಡೆಯನ್ನು ಸೇರಿದರು. ಅಣ್ಣನ ಹೆಸರಿನ ನೆರಳಿನಲ್ಲಿ ಕೊರಗುತ್ತ ಕೂರದೆ, ಖಾಕಿಯಂಥ ಗೌರವದ ವೃತ್ತಿಯೊಂದನ್ನು ಹಿಡಿದು ನಿಂತದ್ದು ಸಣ್ಣ ಸಾಧನೆಯೇನಲ್ಲ.

ವ್ಯಾಪಾರಕ್ಕಿಳಿದವರೂ ಇದ್ದಾರೆ. ಟಿಮ್ ಹಾರ್ಟನ್ ಒಂಟಾರಿಯೋದ ಕಾಕ್ರೇನ್ ಎಂಬಲ್ಲಿ 1930ರಲ್ಲಿ ಹುಟ್ಟಿದವರು. ಟೊರಾಂಟೋದ ಸೇಂಟ್ ಮೈಕೇಲ್ಸ್ ಶಾಲೆಯ ಕಿರಿಯರ ತಂಡದಲ್ಲಿ ಆಡಿ ಬೆಳೆದವರು. ಅವರ ಕಾಲದಲ್ಲಿ ಮೇಲಿನ ಲೀಗ್‌ನ ಸಂಬಳವೂ ಬೇಸಿಗೆಯಲ್ಲಿ ಬೇರೆ ಕೆಲಸ ಹುಡುಕಿಕೊಳ್ಳುವಷ್ಟೇ ಇತ್ತು. ಆಡುತ್ತಿರುವಾಗಲೇ ಅವರು 1964ರಲ್ಲಿ ಹ್ಯಾಮಿಲ್ಟನ್ ನಗರದಲ್ಲಿ ಕಾಫಿ ಮತ್ತು ಡೋನಟ್ ಎಂಬ ಸಿಹಿತಿಂಡಿಯ ಅಂಗಡಿ ತೆರೆದರು. ಪೊಲೀಸ್ ಕೆಲಸ ಮಾಡಿದ್ದ ರಾನ್ ಜಾಯ್ಸ್ ಅವರ ಪಾಲುದಾರರಾದರು. 1974ರ ಫೆಬ್ರವರಿಯಲ್ಲಿ ಹಾರ್ಟನ್ ಕಾರು ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ 44 ವರ್ಷ; ಇನ್ನೂ ಆಡುತ್ತಲೇ ಇದ್ದರು. ಅವರ ಹೆಸರಿನ ಅಂಗಡಿಗಳು ಇಂದು ಅನೇಕ ದೇಶಗಳಲ್ಲಿವೆ. 2022ರಲ್ಲಿ ಭಾರತಕ್ಕೂ ಬಂದವು. ಅಲ್ಲಿ ಕಾಫಿ ಕುಡಿಯುವವರಲ್ಲಿ ಅದೊಬ್ಬ ಆಟಗಾರನ ಹೆಸರೆಂದು ಬಲ್ಲವರೆಷ್ಟು ಮಂದಿ?

ಭಾರತೀಯ ಮೂಲದ ಹುಡುಗರೂ ಈ ಹಾದಿಯಲ್ಲಿ ನಡೆದಿದ್ದಾರೆ. ಬ್ರಿಟಿಷ್ ಕೊಲಂಬಿಯಾದಲ್ಲಿ ಹುಟ್ಟಿದ ರಾಬಿನ್ ಬಾವಾ ಕ್ಯಾಮ್ಲೂಪ್ಸ್ ತಂಡದಲ್ಲಿ ಆಡಿ, 1989ರಲ್ಲಿ ಮೇಲಿನ ಲೀಗ್‌ಗೆ ಕಾಲಿಟ್ಟ ಮೊದಲ ಭಾರತೀಯ ಮೂಲದ ಆಟಗಾರರೆನಿಸಿದರು. ಗ್ವೆಲ್ಫ್ ತಂಡದಿಂದ ಬಂದ ಮ್ಯಾನಿ ಮಲ್ಹೋತ್ರಾ 1998ರ ಆಯ್ಕೆಯಲ್ಲಿ 7ನೆಯವರಾಗಿ ಆರಿಸಲ್ಪಟ್ಟು ಸಾವಿರಕ್ಕೆ ಸಮೀಪದಷ್ಟು ಪಂದ್ಯಗಳನ್ನು ಆಡಿದರು. 2011ರಲ್ಲಿ ಬಿಲ್ಲೆ ಬಡಿದು ಒಂದು ಕಣ್ಣಿಗೆ ತೀವ್ರ ಪೆಟ್ಟಾಯಿತು. ದೃಷ್ಟಿ ಮೊದಲಿನಂತಾಗದಿದ್ದರೂ ಧೃತಿಗೆಡದೆ, ಮುಂದೆ ತರಬೇತುದಾರರಾದರು. ಅವರು ಮಾರ್ಗದರ್ಶನ ಮಾಡಿದ ಆಬಟ್ಸ್‌ಫರ್ಡ್ ತಂಡ 2025ರಲ್ಲಿ ಅಮೆರಿಕನ್ ಹಾಕಿ ಲೀಗ್‌ನ ಕಾಲ್ಡರ್ ಕಪ್ ಗೆದ್ದಿತು.

ಇನ್ನು ಕೆನ್ ಡ್ರೈಡನ್ ಅವರ ಮಾತು. ಕಿರಿಯರ ತಂಡವೊಂದರಲ್ಲಿ ಆಡುತ್ತಿದ್ದ ಈ ಗೋಲ್‌ಕೀಪರ್ 1964ರಲ್ಲೇ ಮೇಲಿನ ಲೀಗ್‌ನ ಆಯ್ಕೆಗೆ ಒಳಗಾದರು. ಆದರೆ ಮೊದಲು ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋಗಿ ಪದವಿ ಪಡೆದರು. ಬಳಿಕ ಮಾಂಟ್ರಿಯಲ್ ತಂಡದಲ್ಲಿ ಆಡುತ್ತಲೇ ಮೆಕ್‌ಗಿಲ್‌ನಲ್ಲಿ ಕಾನೂನು ಓದಿದರು. 1973-74ರ ಋತುವಿನಲ್ಲಿ ಆಟವನ್ನೇ ಬಿಟ್ಟು ಟೊರಾಂಟೋದ ವಕೀಲರ ಕಚೇರಿಯಲ್ಲಿ ಕಿರಿಯರಾಗಿ ದುಡಿದರು. ಆರು ಸಲ ಸ್ಟ್ಯಾನ್ಲಿ ಕಪ್ ಗೆದ್ದ ತಂಡದಲ್ಲಿದ್ದು, 1979ರಲ್ಲಿ ಇನ್ನೂ ಮೂವತ್ತೆರಡು ತುಂಬುವ ಮೊದಲೇ ನಿವೃತ್ತರಾದರು. ಲೇಖಕರಾಗಿ ಹೆಸರಾದರು, 2004ರಿಂದ 2011ರವರೆಗೆ ಸಂಸದರಾಗಿದ್ದು ಸಚಿವ ಪದವಿಯನ್ನೂ ನಿರ್ವಹಿಸಿದರು. 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಆಟದ ಜೊತೆಗೆ ಇನ್ನೊಂದು ಬಾಳನ್ನು ಮೊದಲಿನಿಂದಲೇ ಕಟ್ಟುತ್ತ ಬಂದವರು ಅವರು.

ಇದಕ್ಕೆ ವ್ಯತಿರಿಕ್ತವಾದುದು ಬಾಬಿ ಆರ್ ಅವರ ಕಥೆ. ಹದಿನಾಲ್ಕನೆಯ ವಯಸ್ಸಿಗೇ ಆಶಾವಾ ಊರಿನ ತಂಡ ಸೇರಿದ ಅಸಾಮಾನ್ಯ ಪ್ರತಿಭೆ. ಮೊಣಕಾಲು ಕೈಕೊಟ್ಟು 1978ರಲ್ಲಿ, ಮೂವತ್ತರ ಹರೆಯದಲ್ಲಿ, ಆಟ ನಿಲ್ಲಿಸಿದಾಗ ಅವರ ಕೈ ಬಹುತೇಕ ಬರಿದಾಗಿತ್ತು. ಹಣಕಾಸಿನ ವ್ಯವಹಾರವನ್ನೆಲ್ಲ ತಮ್ಮ ಪ್ರತಿನಿಧಿಯ ಮೇಲೆ ನಂಬಿಕೆಯಿಟ್ಟು ಬಿಟ್ಟುಬಿಟ್ಟಿದ್ದರು. ಆ ಪ್ರತಿನಿಧಿ ಮುಂದೆ 1998ರಲ್ಲಿ ಬೇರೆ ವಂಚನೆ ಪ್ರಕರಣಗಳಲ್ಲಿ ತಪ್ಪೊಪ್ಪಿಕೊಂಡು ಸೆರೆಮನೆ ಸೇರಿದರು. ಆರ್ ಮೊದಲಿನಿಂದ ಬದುಕು ಕಟ್ಟಿಕೊಂಡು, ಕಾಲಾನಂತರ ತಾವೇ ಕಿರಿಯ ಆಟಗಾರರ ಪ್ರತಿನಿಧಿಯಾದರು. ತಾವು ಬಿದ್ದ ಹಳ್ಳದಲ್ಲಿ ಇನ್ನೊಬ್ಬರು ಬೀಳದಂತೆ ಕಾಯುವ ಕೆಲಸವದು.

ಈ ವ್ಯವಸ್ಥೆಯ ಕಪ್ಪು ಮುಖವನ್ನೂ ಮರೆಮಾಚಬಾರದು. ಸ್ವಿಫ್ಟ್ ಕರೆಂಟ್ ತಂಡದಲ್ಲಿ ಬೆಳೆದ ಶೆಲ್ಡನ್ ಕೆನಡಿ, ಹದಿಹರೆಯದಲ್ಲಿ ತಮ್ಮ ತರಬೇತುದಾರನಿಂದಲೇ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದರು. ವರ್ಷಗಟ್ಟಲೆ ಒಳಗೊಳಗೇ ಬೆಂದು ಕೊನೆಗೆ ಬಾಯಿ ಬಿಟ್ಟರು. 1997ರ ಜನವರಿಯಲ್ಲಿ ಅಪರಾಧಿಗೆ ಶಿಕ್ಷೆಯಾಯಿತು. ಮರುವರ್ಷ ಕೆನಡಿ ಗಾಲಿ ಸ್ಕೇಟುಗಳ ಮೇಲೆ ಇಡೀ ದೇಶವನ್ನು ದಾಟಿ ಜನರನ್ನು ಎಚ್ಚರಿಸಿದರು. ಮಕ್ಕಳನ್ನು ದೌರ್ಜನ್ಯದಿಂದ ಕಾಪಾಡುವ ಶಿಕ್ಷಣವೇ ಅವರ ಮುಂದಿನ ಜೀವನದ ಕೆಲಸವಾಯಿತು. ದಾರಿಯ ಅಪಾಯವೂ ಸಣ್ಣದಲ್ಲ. 1986ರ ಡಿಸೆಂಬರಿನಲ್ಲಿ ಅದೇ ಸ್ವಿಫ್ಟ್ ಕರೆಂಟ್ ತಂಡದ ಬಸ್ಸು ಉರುಳಿ ನಾಲ್ವರು ಹುಡುಗರು ತೀರಿಕೊಂಡರು. 2018ರ ಏಪ್ರಿಲ್ 6ರಂದು ಹಂಬೋಲ್ಟ್ ಎಂಬ ಊರಿನ ಕಿರಿಯರ ತಂಡದ ಬಸ್ಸಿಗೆ ಅಪಘಾತವಾಗಿ 16 ಜೀವಗಳು ಹೋದವು. ಮತ್ತೆ, ಸಾವಿರಾರು ಜನ ಟಿಕೆಟು ಕೊಂಡು ನೋಡುವ ಆಟಕ್ಕೆ ಹುಡುಗರಿಗೆ ಬಹುಕಾಲ ದೊರೆಯುತ್ತಿದ್ದುದು ಕೈಖರ್ಚಿನ ಹಣ ಮಾತ್ರ. ಕನಿಷ್ಠ ವೇತನಕ್ಕಾಗಿ ಮಾಜಿ ಆಟಗಾರರು 2014ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. 2020ರಲ್ಲಿ 3 ಕೋಟಿ ಕೆನಡಿಯನ್ ಡಾಲರುಗಳ ರಾಜಿ ಸೂತ್ರ ಪ್ರಕಟವಾಯಿತು. ಏತನ್ಮಧ್ಯೆ ಒಂಟಾರಿಯೋ ಸೇರಿದಂತೆ ಹಲವು ಪ್ರಾಂತಗಳು ಈ ಆಟಗಾರರನ್ನು ಕಾರ್ಮಿಕ ವೇತನದ ಕಾನೂನಿನಿಂದಲೇ ಹೊರಗಿಟ್ಟವು.

ಇವೆಲ್ಲವನ್ನು ಒಟ್ಟಿಗಿಟ್ಟು ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಆಟದಲ್ಲಿ ಗೆದ್ದವರೆಲ್ಲ ಬಾಳಿನಲ್ಲಿ ಗೆಲ್ಲಲಿಲ್ಲ. ಆಟದಲ್ಲಿ ಸೋತವರೆಲ್ಲ ಬಾಳಿನಲ್ಲಿ ಸೋಲಲೂ ಇಲ್ಲ. ನಸುಕಿಗೆ ಏಳುವುದು, ನೋವು ನುಂಗಿ ದುಡಿಯುವುದು, ತನ್ನ ಹೆಸರಿಗಿಂತ ತಂಡದ ಹೆಸರನ್ನು ದೊಡ್ಡದೆಂದು ಬಗೆಯುವುದು — ಇವು ಎಲ್ಲಿ ಹೋದರೂ ಉಪಯೋಗಕ್ಕೆ ಬರುವ ಗಳಿಕೆಗಳು. ಆದರೆ ಅವು ತಾವಾಗಿಯೇ ಉದ್ಯೋಗ ತಂದುಕೊಡವು. ಆಟದ ದಿನಗಳಲ್ಲಿಯೇ ಇನ್ನೊಂದು ವಿದ್ಯೆಯ, ಇನ್ನೊಂದು ಕಸುಬಿನ ಬೀಜ ಬಿತ್ತಿರಬೇಕು.

ಆ ಬೀಜವನ್ನು ಬಿತ್ತಿಸುವವರು ಯಾರು? ಹದಿನಾರರ ಹುಡುಗ ತಾನಾಗಿ ಬಿತ್ತಲಾರ. ಅವನ ಕಣ್ಣೆಲ್ಲ ಮುಂದಿನ ಪಂದ್ಯದ ಮೇಲೆ. ತಂಡದ ಒಡೆಯರಿಗೆ ಅದರ ಗೊಡವೆಯಿಲ್ಲ. ಆದ್ದರಿಂದ ಈ ಹೊಣೆ ಪಾಲಕರದೇ. ಸಹಿ ಹಾಕುವ ಮೊದಲು ಕರಾರಿನ ಪ್ರತಿ ಸಾಲನ್ನೂ ಓದುವ ತಂದೆ, ಗೋಲು ಎಷ್ಟು ಎಂದು ಕೇಳುವ ಮೊದಲು ಊಟವಾಯಿತೇ, ಪಾಠವಾಯಿತೇ, ಅಲ್ಲಿ ಯಾರಾದರೂ ನಿನ್ನನ್ನು ನೋಯಿಸುತ್ತಾರೆಯೇ ಎಂದು ಕೇಳುವ ತಾಯಿ — ಇಂಥವರ ಮಕ್ಕಳು ಕೊನೆಯ ಪಂದ್ಯದ ಮರುದಿನ ದಿಕ್ಕು ತಪ್ಪುವುದಿಲ್ಲ.

ಮಕ್ಕಳು ಆಡಲಿ, ಮನಸಾರೆ ಆಡಲಿ. ಸೋತು ಬಂದ ದಿನ ‘ನಿನಗೆ ಆಟವಷ್ಟೇ ಅಲ್ಲ, ನಾವೂ ಇದ್ದೇವೆ’ ಎಂದು ಹೇಳಬಲ್ಲ ಮನೆಯೊಂದು ಅವರಿಗಿರಲಿ. ಬಿಚ್ಚಿಟ್ಟ ಸ್ಕೇಟುಗಳ ಪಕ್ಕದಲ್ಲಿ ಒಂದು ಪುಸ್ತಕವನ್ನೋ ಒಂದು ಉಪಕರಣವನ್ನೋ ಮೊದಲೇ ತಂದಿಡುವುದು ಹಿರಿಯರ ಕರ್ತವ್ಯ.