ಉಸ್ತಾದನ ಸಿಟ್ಟು

ನಮ್ಮ ಸೀಮೆಯಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿದ ಹುಡುಗನ ಮುಂದೆ ತೆರೆದುಕೊಳ್ಳುವ ದಾರಿಗಳು ಬಹಳವಿಲ್ಲ. ಹೊಲವಿದ್ದವನು ಹೊಲಕ್ಕೆ ಇಳಿಯುತ್ತಾನೆ. ನಾರಾಯಣಪೇಟೆಯಲ್ಲಿಯೋ ಗದ್ವಾಲದಲ್ಲಿಯೋ ನೇಕಾರರ ಮನೆಯಲ್ಲಿ ಹುಟ್ಟಿದವನು, ಮನಸ್ಸಿದ್ದರೆ, ಮಗ್ಗಕ್ಕೆ ಕೂಡುತ್ತಾನೆ. ಎರಡೂ ಇಲ್ಲದವನು ತಂದೆತಾಯಿಗಳ ಹಿಂದೆ ಪುಣೆ, ಮುಂಬಯಿಗಳ ಕಟ್ಟಡದ ಕೆಲಸಕ್ಕೆ ಹೊರಡುತ್ತಾನೆ. ಪಾಲಮೂರಿನ ಕೂಲಿಗಳೆಂದು ದೇಶದ ಅಣೆಕಟ್ಟುಗಳ ಮೇಲೆಲ್ಲ ಹೆಸರಾದವರು ನಮ್ಮವರೇ ಅಲ್ಲವೇ? ಇವೆಲ್ಲದರ ನಡುವೆ ಇನ್ನೊಂದು ದಾರಿಯುಂಟು. ಅದು ಲಾರಿ.

ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದವೆಂಬುದು ಹಿರಿಯ ವಾಚಕರಿಗೆ ನೆನಪಿರಬಹುದು. ಗೆರೆ ಬದಲಾಯಿತು, ಭತ್ತದ ಲಾರಿಯ ದಾರಿ ಬದಲಾಗಲಿಲ್ಲ. ಇಂದಿಗೂ ಮಕ್ತಲದ ಹೆದ್ದಾರಿಯಲ್ಲಿ ಅರ್ಧ ಗಂಟೆ ನಿಂತರೆ ರಾಯಚೂರಿನ ಅಕ್ಕಿ ಗಿರಣಿಗಳಿಗೆ ಹೋಗುವ ಭತ್ತ, ಹತ್ತಿಯ ಅಂಡಿಗೆಗಳು, ಶಕ್ತಿನಗರದ ವಿದ್ಯುತ್ ಕೇಂದ್ರದಿಂದ ಹಾರುಬೂದಿಯನ್ನು ತುಂಬಿಕೊಂಡು ಬರುವ ಟ್ಯಾಂಕರುಗಳು ಒಂದರ ಹಿಂದೊಂದು ಸಾಗುವುದು ಕಾಣುತ್ತದೆ. ಅವುಗಳಲ್ಲಿ ಕ್ಲೀನರಾಗಿ ಕುಳಿತ ಹುಡುಗರಲ್ಲಿ ನನ್ನ ಶಾಲೆಯಲ್ಲಿ ಕನ್ನಡದ ಅಕ್ಷರ ಕಲಿತವರೂ ಇದ್ದಾರೆ.

ಮೂರು ವರ್ಷಗಳ ಹಿಂದೆ, ದೀಪಾವಳಿಯ ಮುಂಚಿನ ವಾರ, ಅಂಥವನೊಬ್ಬನು ಸಂಜೆಯ ಹೊತ್ತಿಗೆ ನಮ್ಮ ಮನೆಗೆ ಬಂದನು. ಕುಂಟುತ್ತಿದ್ದನು. ಲಘು ವಾಹನದ ಲೈಸೆನ್ಸು ಪಡೆದು ಒಂದು ವರ್ಷ ಕಳೆದಿತ್ತು, ಇಪ್ಪತ್ತು ತುಂಬಿತ್ತು, ಲಾರಿಗೆಂದು ಕಲಿಕೆಯ ಲೈಸೆನ್ಸನ್ನೂ ಮಾಡಿಸಿಕೊಂಡಿದ್ದನು. ಖಾಲಿ ಲಾರಿ ಹಿಂದಿರುಗುವಾಗ ಉಸ್ತಾದನು ಪಕ್ಕದಲ್ಲಿ ಕುಳಿತು ಸ್ಟೇರಿಂಗು ಕೊಡುತ್ತಿದ್ದನಂತೆ. ಗೇರು ಬದಲಿಸುವಾಗ ಸಪ್ಪಳವಾದರೆ ಬೈಗಳು, ಎರಡನೆಯ ಸಲ ಸಪ್ಪಳವಾದರೆ ಪಾನಾದಿಂದ ಮೊಣಕಾಲಿಗೆ ಏಟು. ಬೈಗಳಾದರೂ ಒಂದು ಭಾಷೆಯಲ್ಲಿ ಅಲ್ಲ. ದಖನಿಯಲ್ಲಿ ಆರಂಭವಾಗಿ ತೆಲುಗಿನಲ್ಲಿ ಬೆಳೆದು ಕನ್ನಡದಲ್ಲಿ ಮುಗಿಯುತ್ತಿದ್ದವು. ತಾಯಿಯನ್ನು ಕುರಿತ ಮಾತುಗಳು ಮಾತ್ರ ಮೂರರಲ್ಲಿಯೂ ಬರುತ್ತಿದ್ದವು.

“ನಾ ಇನ್ನ ಹೋಗಂಗಿಲ್ರಿ ಸರ್. ಪುಣೆಕ್ಕ ಹೋಗಿ ಕಲ್ಲು ಹೊರ್ತೀನಿ,” ಎಂದನು.

ನಾನು ಉಪದೇಶಕ್ಕೆ ಸಿದ್ಧನಾದೆ. ಕಲಿಯುವವನು ತಾಳ್ಮೆಯಿಂದಿರಬೇಕು, ಗುರುವಿನ ಕೋಪ ಹಾಲಿನ ಉಕ್ಕಿನಂತೆ ಎಂದೆಲ್ಲ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿ, ಬಹಳ ಮೆಲ್ಲಗೆ, “ನೀವೂ ಹೊಡೀತಿದ್ರಿ ಸರ್. ಮಗ್ಗಿ ನನಗ ಇವತ್ತಿಗೂ ಹನ್ನೆರಡರ ಮ್ಯಾಗ ಬರಂಗಿಲ್ಲ,” ಎಂದನು.

ಈ ಮಾತನ್ನು ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿದ್ದೇನೆ. ನಾನು ತರಬೇತಿ ಪಡೆದ ಶಿಕ್ಷಕ. ಥಾರ್ನ್‌ಡೈಕನ ಕಲಿಕೆಯ ನಿಯಮಗಳನ್ನು, ಎಂದರೆ ಸಿದ್ಧತೆ, ಅಭ್ಯಾಸ, ಪರಿಣಾಮಗಳನ್ನು, ನಮಗೆ ಬಾಯಿಪಾಠ ಮಾಡಿಸಿದ್ದರು. ಆ ಪಂಡಿತನೇ 1930ರ ದಶಕದಲ್ಲಿ ತನ್ನ ನಿಯಮವನ್ನು ತಿದ್ದಿಕೊಂಡು, ಮೆಚ್ಚುಗೆಯು ಕಲಿಕೆಯನ್ನು ಬಲಪಡಿಸುವಷ್ಟು ದಂಡನೆಯು ತಪ್ಪನ್ನು ಅಳಿಸಲಾರದೆಂದು ಹೇಳಿದನು. ಅದನ್ನೂ ನಾವು ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದೆವು. ಬಳಿಕ ಶಾಲೆಗೆ ಬಂದು ಬೆತ್ತ ಹಿಡಿದೆವು. ಮಕ್ಕಳ ಶಿಕ್ಷಣದ ಹಕ್ಕಿನ ಕಾಯಿದೆಯು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದು ಶಾಲೆಯಲ್ಲಿ ಹೊಡೆತವನ್ನು ನಿಷೇಧಿಸಿದ ಮೇಲೂ ನನ್ನ ಬೆತ್ತವು ಕೆಲವು ಕಾಲ ಕಪಾಟಿನ ಮೇಲೆ ಇದ್ದೇ ಇತ್ತು. ಈ ಹುಡುಗನು ಅದರ ಕೊನೆಯ ವರ್ಷಗಳ ವಿದ್ಯಾರ್ಥಿ.

ಮರುದಿನ ನಾನೇ ಆ ಉಸ್ತಾದನನ್ನು ಕಾಣಲು ಹೋದೆ. ಚಹದ ಅಂಗಡಿಯ ಬಳಿ ಲಾರಿ ನಿಂತಿತ್ತು. ಐವತ್ತು ದಾಟಿದ ಮನುಷ್ಯ. ಬಾಗಿದ ಬೆನ್ನು, ನಿದ್ದೆಗೆಟ್ಟ ಕಣ್ಣುಗಳು. “ಕೂಡ್ರಿ ಮಾಸ್ತರ್ರ,” ಎಂದು ಬೆಂಚಿನ ಮೇಲಿನ ಧೂಳನ್ನು ತನ್ನ ಟವೆಲಿನಿಂದಲೇ ಒರೆಸಿದನು. ನಾನು ಕೋಪದಿಂದ ಹೋದವನು ಅಲ್ಲಿಯೇ ಅರ್ಧ ತಣ್ಣಗಾದೆ.

ಅವನು ಹೇಳಿದ್ದರಲ್ಲಿ ವಿಚಾರಮಾಡತಕ್ಕ ಮಾತುಗಳಿದ್ದವು. ಅವನು ಕಲಿತದ್ದು ಹಳೆಯ ಗೇರುಪೆಟ್ಟಿಗೆಯ ಲಾರಿಯಲ್ಲಿ. ಅಲ್ಲಿ ಕ್ಲಚ್ಚನ್ನು ಒಮ್ಮೆ ಒತ್ತಿದರೆ ಸಾಲದು. ಒತ್ತಿ ಗೇರನ್ನು ನ್ಯೂಟ್ರಲಿಗೆ ತಂದು, ಕ್ಲಚ್ಚು ಬಿಟ್ಟು, ಕೆಳಗಿನ ಗೇರಿಗೆ ಇಳಿಯುವುದಾದರೆ ಇಂಜಿನ್ನಿನ ವೇಗವನ್ನು ಏರಿಸಿ, ಮತ್ತೆ ಒತ್ತಿ ಮುಂದಿನ ಗೇರು ಹಾಕಬೇಕು. ಡಬಲ್ ಕ್ಲಚ್ಚೆಂದು ಅದಕ್ಕೆ ಹೆಸರು. ತಪ್ಪಿದರೆ ಹಲ್ಲುಗಳು ಒಂದಕ್ಕೊಂದು ಕಚ್ಚಿ ಚೀರುತ್ತವೆ; ಮುರಿದರೆ ಮಾಲೀಕನು ಪಗಾರದಲ್ಲಿ ಹಿಡಿಯುತ್ತಾನೆ. “ನನ್ನ ಉಸ್ತಾದ ಬಿಸಿ ಸೈಲೆನ್ಸರಿಗೆ ಕೈ ಹಚ್ಚಿಸಿದ್ದ,” ಎಂದು ಅಂಗೈಯನ್ನು ಚಾಚಿ ತೋರಿಸಿದನು. ತೋರಿಸಿದುದರಲ್ಲಿ ದೂರಿಗಿಂತ ಹೆಮ್ಮೆಯೇ ಹೆಚ್ಚಾಗಿತ್ತು. ಇಂದಿನ ಲಾರಿಗಳ ಗೇರು ಅಷ್ಟು ಒರಟಲ್ಲ. ಆದರೂ ಅವನ ಕಿವಿಗೆ ಸಪ್ಪಳ ಬಿದ್ದೊಡನೆ ಹಳೆಯ ಹೆದರಿಕೆ ಎದ್ದು ನಿಲ್ಲುತ್ತದೆ.

ಇನ್ನೊಂದು ಮಾತನ್ನು ಅವನು ತಡೆತಡೆದು ಹೇಳಿದನು. “ನನ್ನ ಕಡಿ ಬ್ರೇಕಿಲ್ರಿ ಮಾಸ್ತರ್ರ. ಕೃಷ್ಣಾ ಸೇತುವಿ ಮ್ಯಾಗ ಎದುರಿಗೆ ಬಸ್ಸು ಬಂತಂದ್ರ ನಾ ಏನ್ ಮಾಡ್ಲಿ? ಬಾಯಿ ಒಂದೇ ನನ್ನ ಕೈಯಾಗಿರೋದು.”

ದೇವಸೂಗೂರಿನ ಬಳಿ ನಿಜಾಮರ ಕಾಲದ ಆ ಸೇತುವೆಯ ಮೇಲೆ ಎದುರುಬದುರಾಗಿ ಲಾರಿ ಬಂದುದನ್ನು ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಈ ಮಾತಿನ ತೂಕ ತಿಳಿದೀತು. ಅವನ ಸಿಟ್ಟಿನ ಬಹುಪಾಲು ಭಯವೇ ಆಗಿತ್ತು. ಆದರೆ ಪಾನಾದ ಏಟಿಗೆ ಅದು ಸಮರ್ಥನೆಯಾಗದು. ಏಟು ಬಿದ್ದ ಕಾಲೇ ಬ್ರೇಕನ್ನು ಒತ್ತಬೇಕಾದ ಕಾಲು! ಇದನ್ನು ಹೇಳಿದಾಗ ಅವನು ಉತ್ತರ ಕೊಡದೆ ಬೀಡಿ ಹಚ್ಚಿದನು.

ಕಾನೂನು ಈ ವಿಷಯದಲ್ಲಿ ಏನನ್ನುತ್ತದೆಂಬುದನ್ನು ಇಲ್ಲಿಯೇ ತಿಳಿಸಿಬಿಡುವೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಲಿಯುವವನ ಪಕ್ಕದಲ್ಲಿ ಲೈಸೆನ್ಸುಳ್ಳ ಶಿಕ್ಷಕನು ಗಾಡಿಯನ್ನು ನಿಲ್ಲಿಸಲು ಶಕ್ಯವಾಗುವಂತೆ ಕುಳಿತಿರಬೇಕು. ಅನುಮತಿ ಪಡೆದ ಚಾಲನಾ ಶಾಲೆಯ ಗಾಡಿಯಲ್ಲಿ ಶಿಕ್ಷಕನಿಗೂ ನಿಯಂತ್ರಣದ ವ್ಯವಸ್ಥೆ ಇರಬೇಕು. ಸಾರಿಗೆ ವಾಹನಕ್ಕೆ ಕನಿಷ್ಠ 30 ದಿನಗಳ ಶಿಕ್ಷಣ, ಅದರಲ್ಲಿ 15 ಗಂಟೆಗಳ ನಿಜವಾದ ಚಾಲನೆ. ಅಲ್ಲಿ ಕಲಿಸುವವನು ಹತ್ತನೆಯ ತರಗತಿ ತೇರ್ಗಡೆಯಾಗಿ, ಐದು ವರ್ಷ ಗಾಡಿ ನಡೆಸಿರಬೇಕು. ಭಾಗಗಳ ಕೆಲಸವನ್ನು ತೋರಿಸಿ ವಿವರಿಸಬಲ್ಲವನಾಗಿರಬೇಕು. ತಾಳ್ಮೆಯ ಮಾತು ಅಲ್ಲಿಲ್ಲ. ತಾಳ್ಮೆಯನ್ನು ನಿಯಮದಲ್ಲಿ ಬರೆಯುವುದಾದರೂ ಹೇಗೆ?

ಶುಲ್ಕ ಕೊಡಲು ಶಕ್ತಿಯಿರುವ ತಂದೆಗಳು ಮಕ್ಕಳನ್ನು ಅಂಥ ಶಾಲೆಗೇ ಕಳುಹಿಸಬೇಕೆಂಬುದು ನನ್ನ ಅಭಿಪ್ರಾಯ. ಶಕ್ತಿಯಿಲ್ಲದೆ ಉಸ್ತಾದನ ಕೈಕೆಳಗೇ ಕಲಿಯುವ ಹುಡುಗರಿಗೆ, ನಾನೂ ಆ ಹುಡುಗನೂ ಆ ದಿನಗಳಲ್ಲಿ ಕೂಡಿ ಕಂಡುಕೊಂಡ ಕೆಲವು ಉಪಾಯಗಳನ್ನು ಹೇಳಬಲ್ಲೆ. ಪ್ರಶ್ನೆಯನ್ನು ಚಲಿಸುವ ಲಾರಿಯಲ್ಲಿ ಕೇಳಬಾರದು. ಚಹಕ್ಕೆ ನಿಂತಾಗ ಕೇಳಬೇಕು. ಅದೇ ಮನುಷ್ಯ, ಅದೇ ಪ್ರಶ್ನೆ, ಉತ್ತರ ಮಾತ್ರ ಬೇರೆ. ಉಸ್ತಾದನು “ಮೂರನೇದು” ಎಂದರೆ “ಮೂರನೇದು ಹಾಕ್ತೀನಿ” ಎಂದು ಗಟ್ಟಿಯಾಗಿ ಹೇಳಿ ಹಾಕಬೇಕು. ಹುಡುಗನು ಕೇಳಿಸಿಕೊಂಡನೋ ಇಲ್ಲವೋ ಎಂಬ ಸಂಶಯ ನೀಗಿದರೆ ಬೈಗಳೂ ಕಡಿಮೆಯಾಗುತ್ತವೆ. ಲಾರಿ ನಿಂತಿದ್ದಾಗ, ಇಂಜಿನ್ ಬಂದಾಗಿದ್ದಾಗ, ಕೈಕಾಲುಗಳಿಗೆ ಗೇರಿನ ಪಾಠವನ್ನು ನೂರು ಸಲ ಮಾಡಿಸಬೇಕು. ನಮ್ಮ ಹುಡುಗನು ಮನೆಯಲ್ಲಿ ಮೂರು ಇಟ್ಟಿಗೆಗಳನ್ನೂ ಒಂದು ಒನಕೆಯನ್ನೂ ಇಟ್ಟುಕೊಂಡು ಅಭ್ಯಾಸ ಮಾಡಿದನು. ಅವನ ತಾಯಿಗೆ ಮಗನಿಗೆ ಏನೋ ಗಾಳಿ ಸೋಂಕಿತೆಂಬ ಸಂಶಯ ಬಂದಿತ್ತು. ಸ್ಟೇರಿಂಗು ಕೈಯಲ್ಲಿರುವಾಗ ಮನಸ್ಸು ಕದಡಿದರೆ ಎದುರುತ್ತರ ಕೊಡದೆ, ದೀಪ ತೋರಿಸಿ, ಬದಿಗೆ ನಿಲ್ಲಿಸಿ, “ಐದು ನಿಮಿಷ ನೀವು ಹೊಡೀರಿ” ಎಂದು ಇಳಿಯಬೇಕು. ಇದರಲ್ಲಿ ಮಾನಹಾನಿಯೇನೂ ಇಲ್ಲ. ಇನ್ನು ಕೈಯೆತ್ತುವ ಉಸ್ತಾದನನ್ನು, ಒಮ್ಮೆ ಹೇಳಿ ನೋಡಿ, ಕೇಳದಿದ್ದರೆ ಬಿಡಲೇಬೇಕು. ಕುಡಿದು ಕಲಿಸುವವನಿಗೆ ಹೇಳಿ ನೋಡುವ ಅಗತ್ಯವೂ ಇಲ್ಲ. ತಾನು ಮಲಗಿ, ಲೈಸೆನ್ಸಿಲ್ಲದ ಕ್ಲೀನರನಿಗೆ ನಡುರಾತ್ರಿ ಸ್ಟೇರಿಂಗು ಕೊಡುವವನು ಎಷ್ಟು ಸಿಹಿಮಾತಿನವನಾದರೂ ಪಾನಾದವನಿಗಿಂತ ಅಪಾಯಕಾರಿ.

ಆ ಉಸ್ತಾದನು ಪೂರಾ ಬದಲಾದನೆಂದು ಹೇಳಲಾರೆ. ಪಾನಾ ಪೆಟ್ಟಿಗೆಗೆ ಹೋಯಿತು, ಬೈಗಳು ಉಳಿದವು. ಹುಡುಗನು ಮತ್ತೆ ನಾಲ್ಕು ತಿಂಗಳು ಅವನ ಬಳಿಯೇ ಕಲಿತು ಪರೀಕ್ಷೆಗೆ ಕುಳಿತನು. ಮೊದಲ ಸಲ ಹಿಮ್ಮುಖವಾಗಿ ನಡೆಸುವಾಗ ತಪ್ಪಿದನು, ಎರಡನೆಯ ಸಲ ತೇರ್ಗಡೆಯಾದನು. ಆ ದಿನ ಮಿಠಾಯಿ ತಂದವನು ಅವನಲ್ಲ, ಉಸ್ತಾದ.

ಈಗ ಅವನು ಗದ್ವಾಲದ ಕಡೆಯಿಂದ ಭತ್ತ ಹೊಡೆಯುತ್ತಾನೆ. ಕಳೆದ ತಿಂಗಳು ಮಕ್ತಲದಲ್ಲಿ ಸಿಕ್ಕಾಗ ಅವನ ಜೊತೆಯಲ್ಲಿ ಹದಿನೆಂಟು ಹತ್ತೊಂಬತ್ತರ ಒಬ್ಬ ಕ್ಲೀನರಿದ್ದನು. “ಇವನಿಗೆ ಬೈಯುತ್ತೀಯೇನಪ್ಪಾ?” ಎಂದು ಕೇಳಿದೆ. “ಇಲ್ರಿ ಸರ್,” ಎಂದು ನಕ್ಕನು. ಕ್ಲೀನರ್ ಹುಡುಗನು ಏನೂ ಹೇಳದೆ ಟೈರಿಗೆ ಸಿಕ್ಕಿದ ಕಲ್ಲನ್ನು ತೆಗೆಯುತ್ತ ಕುಳಿತಿದ್ದನು.